ಗ್ರಾಫಿಕ್ಸ್ ಕಾರ್ಡ್ ಮೊದಲೋ, ಪ್ರೊಸೆಸರ್ ಮೊದಲೋ? ದುಡ್ಡು ಎಣಿಸುವ ಮುಂಚೆ ಅಳೆದು ನೋಡಿ

ಗೇಮ್ ತಡವರಿಸತೊಡಗಿದರೆ ಮೊದಲು ಸಿಗುವ ಸಲಹೆ ‘ಕಾರ್ಡ್ ಬದಲಿಸು’. ಬಳ್ಳಾರಿ, ಕೊಪ್ಪಳದವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುತ್ತಾರೆ, ರಾಯಚೂರಿನವರು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗುತ್ತಾರೆ. ಅಷ್ಟು ದೂರದಿಂದ ತಂದ ಕಾರ್ಡ್ ಹಾಕಿದ ಮೇಲೂ ಎಫ್‌ಪಿಎಸ್ (ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳ, ಅಂದರೆ ಫ್ರೇಮ್‌ಗಳ, ಸಂಖ್ಯೆ) ನಾಲ್ಕೈದು ಏರಿ ನಿಂತರೆ ಮಾಡುವುದೇನು? ಬಾಕ್ಸ್ ಬಿಚ್ಚಿದ ಮೇಲೆ ಅಂಗಡಿಯವರು ಹಿಂದಕ್ಕೆ ತಗೊಳ್ಳುವುದು ಅಪರೂಪ. ಮನೆಯಲ್ಲೇ ಒಂದು ಗಂಟೆ ಕೂತು ಅಳೆದರೆ ಈ ನಷ್ಟ ತಪ್ಪುತ್ತದೆ. ಅಳೆದಾಗ ಕೆಲವೊಮ್ಮೆ ಕಾರ್ಡೂ ಅಲ್ಲ, ಪ್ರೊಸೆಸರ್ರೂ ಅಲ್ಲ, ಬೇರೇನೋ ಸಿಕ್ಕಿಬೀಳುತ್ತದೆ. ಅದು ಬಹಳ ಸಲ ಅಗ್ಗದ್ದೇ ಆಗಿರುತ್ತದೆ.

ಪರದೆಗೆ ಬರುವ ಪ್ರತಿ ಫ್ರೇಮ್ ಎರಡು ಕೈ ದಾಟಿ ಬರುತ್ತದೆ. ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಯಾರಿಗೆ ತಗುಲಿತು, ಕಾರು ಎತ್ತ ತಿರುಗಿತು, ಈಗ ಏನೇನು ಬಿಡಿಸಬೇಕು ಎಂಬ ಲೆಕ್ಕವೆಲ್ಲ ಪ್ರೊಸೆಸರ್‌ನದು. ಆ ಪಟ್ಟಿ ಹಿಡಿದು ಚಿತ್ರ ಬಿಡಿಸುವುದು ಕಾರ್ಡ್. ಒಗ್ಗರಣೆ-ಮಿರ್ಚಿ ಅಂಗಡಿಯಲ್ಲಿ ಒಬ್ಬರು ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಬಿಡುತ್ತಾರೆ, ಇನ್ನೊಬ್ಬರು ಬಾಣಲೆ ನೋಡಿಕೊಳ್ಳುತ್ತಾರೆ. ಬಾಣಲೆ ಆಗಲೇ ತುಂಬಿದ್ದರೆ ಅದ್ದುವ ಕೈ ಎಷ್ಟು ಚುರುಕಾದರೂ ಮಿರ್ಚಿ ಬೇಗ ಬರುವುದಿಲ್ಲ. ಅದ್ದುವವರೇ ನಿಧಾನವಾದರೆ ದೊಡ್ಡ ಬಾಣಲೆ ಇಟ್ಟರೂ ಎಣ್ಣೆ ಸುಮ್ಮನೆ ಕಾಯುತ್ತದೆ. ನಿಮ್ಮ ಪಿಸಿಯಲ್ಲಿ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಕಂಡುಹಿಡಿಯುವುದೇ ಇಲ್ಲಿ ಮಾಡಬೇಕಾದ ಕೆಲಸ. ಕಾಯುತ್ತಾ ಕೂತವರನ್ನು ಬದಲಿಸಿದರೆ ಏನೂ ಸಿಗುವುದಿಲ್ಲ.

ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ತುಂಬಬೇಕಾದರೆ 6.9 ಮಿಲಿಸೆಕೆಂಡ್ ಮಾತ್ರ. ಇಬ್ಬರೂ ಆ ಸಮಯದೊಳಗೆ ತಮ್ಮ ಪಾಲು ಮುಗಿಸಬೇಕು. ಹಾಗಾಗಿ 60ಕ್ಕೆ ಸಾಕಾಗಿದ್ದ ಪ್ರೊಸೆಸರ್ 144ಕ್ಕೆ ಸೋಲಬಹುದು. ಹೊಸ ಮಾನಿಟರ್ ತಂದ ಮೇಲೆ ‘ಪಿಸಿ ಹಳೇದಾಯ್ತು’ ಅನ್ನಿಸುವುದು ಇದಕ್ಕೇ.

ಅಳೆಯುವ ಕ್ರಮ

ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಳ್ಳಿ. ಅದು ಉಚಿತ, ಯಾವ ಕಂಪನಿಯ ಕಾರ್ಡ್ ಇದ್ದರೂ ನಡೆಯುತ್ತದೆ. ಜೊತೆಗೆ ಬರುವ ರಿವಾಟ್ಯೂನರನ್ನೂ ಬಿಡದೆ ಹಾಕಿ, ಆಟದ ಮೇಲೆ ಅಂಕಿ ತೋರಿಸುವುದು ಅದೇ. ಸೆಟ್ಟಿಂಗ್ಸ್ ಒಳಗೆ ಮಾನಿಟರಿಂಗ್ ಪುಟಕ್ಕೆ ಹೋಗಿ ಕಾರ್ಡಿನ ಬಳಕೆ, ಕಾರ್ಡಿನ ಮೆಮೊರಿ, ಕಾರ್ಡಿನ ಶಾಖ, ಕೋರ್ ಕ್ಲಾಕ್ (ಕಾರ್ಡ್ ಓಡುವ ವೇಗ), ಪ್ರೊಸೆಸರ್‌ನ ಒಂದೊಂದು ಕೋರಿನ ಬಳಕೆ ಮತ್ತು ಶಾಖ, ರ‍್ಯಾಮ್, ಫ್ರೇಮ್‌ರೇಟ್, ಫ್ರೇಮ್‌ಟೈಮ್ (ಒಂದೊಂದು ಫ್ರೇಮಿಗೆ ಹಿಡಿದ ಹೊತ್ತು) ಇಷ್ಟನ್ನು ಆರಿಸಿ. ಪ್ರತಿಯೊಂದಕ್ಕೂ ‘ಆನ್-ಸ್ಕ್ರೀನ್ ಡಿಸ್‌ಪ್ಲೇ’ ಗುರುತು ಹಾಕಬೇಕು, ಇಲ್ಲದಿದ್ದರೆ ಆಟದಲ್ಲಿ ಕಾಣುವುದಿಲ್ಲ. ಫ್ರೇಮ್‌ಟೈಮನ್ನು ಅಂಕಿಯ ಬದಲು ಗ್ರಾಫ್ ಆಗಿ ಇಟ್ಟುಕೊಳ್ಳಿ.

ಮುಂದಿನ ಹೆಜ್ಜೆ ತಪ್ಪಿಸಿದರೆ ಇಡೀ ಅಳತೆ ಸುಳ್ಳಾಗುತ್ತದೆ. ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆಫ್ ಮಾಡಿ. ಆಟದೊಳಗಿನ ಫ್ರೇಮ್ ಮಿತಿ ತೆಗೆಯಿರಿ. ಡ್ರೈವರ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮಿತಿ ಇದ್ದರೆ ಅದನ್ನೂ ತೆಗೆಯಿರಿ. 60 ಹರ್ಟ್ಸ್ ಮಾನಿಟರಿನಲ್ಲಿ ವಿ-ಸಿಂಕ್ ಇದ್ದರೆ ಕಾರ್ಡ್ 60 ಬಿಡಿಸಿ ಸುಮ್ಮನೆ ಕೂರುತ್ತದೆ, ಬಳಕೆ ಶೇ. 50 ತೋರಿಸುತ್ತದೆ. ಅದನ್ನು ನೋಡಿ ‘ಪ್ರೊಸೆಸರ್ ಸಾಲುತ್ತಿಲ್ಲ’ ಎಂದು ತೀರ್ಮಾನಿಸಿ ಮದರ್‌ಬೋರ್ಡ್ ಸಮೇತ ಬದಲಿಸುವುದು ದುಬಾರಿ ತಪ್ಪು.

ಇನ್ನು ಆಟದಲ್ಲಿ ನಿಮಗೆ ತೊಂದರೆ ಕೊಡುವ ಜಾಗಕ್ಕೇ ಹೋಗಿ: ಸಂತೆಬೀದಿ, ಹತ್ತು ಜನರ ಕಾದಾಟ, ಊರೊಳಗೆ ವೇಗವಾಗಿ ಕಾರು ಓಡಿಸುವ ಹಾದಿ. ಮೆನುವಿನಲ್ಲಿ ನಿಂತು ಅಳೆಯಬೇಡಿ. ಒಂದೇ ಹಾದಿಯನ್ನು ಎರಡು ಸಲ ಓಡಿ, ಒಟ್ಟು ಹದಿನೈದು ನಿಮಿಷವಾದರೂ ಆಡಿ. ಮೊದಲ ಸಲದ ತಡವರಿಕೆ ಶೇಡರ್ (ಬೆಳಕು-ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ) ಸಿದ್ಧವಾಗುವಾಗಿನದೂ ಆಗಿರಬಹುದು. ಎರಡನೇ ಸಲವೂ ಅದೇ ಜಾಗದಲ್ಲಿ ನಿಂತರೆ ಮಾತ್ರ ಅದನ್ನು ಲೆಕ್ಕಕ್ಕೆ ತಗೊಳ್ಳಿ.

ಕಾರ್ಡಿನ ಬಳಕೆ ಬಹುತೇಕ ಹೊತ್ತು 95ರಿಂದ 99ರಲ್ಲೇ ಇದ್ದರೆ ಬಾಣಲೆ ತುಂಬಿದೆ, ಕಾರ್ಡ್ ಬದಲಿಸಬೇಕಾದದ್ದು. ಮಿತಿಯೆಲ್ಲ ತೆಗೆದ ಮೇಲೂ ಬಳಕೆ 60, 75, 55 ಎಂದು ಏರಿಳಿಯುತ್ತಿದ್ದರೆ ಕಾರ್ಡ್ ಕಾಯುತ್ತಿದೆ, ತಡ ಆಗುತ್ತಿರುವುದು ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ.

ಟಾಸ್ಕ್ ಮ್ಯಾನೇಜರ್ ತೋರಿಸುವ ಒಟ್ಟು ಪ್ರೊಸೆಸರ್ ಬಳಕೆಯನ್ನು ನಂಬಬೇಡಿ. ಆಟದ ಮುಖ್ಯ ಕೆಲಸ ಥ್ರೆಡ್ ಎಂಬ ಕೆಲಸದ ಎಳೆಗಳಲ್ಲಿ ಒಂದೆರಡರ ಮೇಲೆ ಬೀಳುತ್ತದೆ. 6 ಕೋರ್, 12 ಥ್ರೆಡ್ ಇರುವ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದಣಿದರೂ ಒಟ್ಟು ಲೆಕ್ಕದಲ್ಲಿ ಅದು ಶೇ. 8 ಮಾತ್ರ. ‘ನಂದು ಬರೀ 40 ಪರ್ಸೆಂಟ್ ಬಳಕೆ, ಪ್ರೊಸೆಸರ್ ಆರಾಮಾಗಿದೆ’ ಎನ್ನುವ ಮಾತು ಇದಕ್ಕೇ ತಪ್ಪಾಗುತ್ತದೆ. ಕೋರ್‌ಗಳನ್ನು ಬಿಡಿಬಿಡಿಯಾಗಿ ನೋಡಿದರೂ ವಿಂಡೋಸ್ ಕೆಲಸವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಿರುವುದರಿಂದ ಯಾವುದೂ 100 ಮುಟ್ಟದೆ ಇರಬಹುದು. ಹಾಗಾಗಿ ಪ್ರೊಸೆಸರ್ ಸೋತಿದೆಯೇ ಎಂದು ತಿಳಿಯಲು ಕಾರ್ಡಿನ ಅಂಕಿ ನೋಡುವುದೇ ಸರಿ.

ಅನುಮಾನ ಉಳಿದರೆ ಇನ್ನೊಂದು ಪರೀಕ್ಷೆ ಇದೆ, ಇದು ಮೋಸ ಮಾಡುವುದಿಲ್ಲ. ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ, ಇಲ್ಲವೇ ರೆಂಡರ್ ಸ್ಕೇಲ್ (ಆಟ ಒಳಗೆ ಬಿಡಿಸುವ ಚಿತ್ರದ ಗಾತ್ರ) ಶೇ. 50 ಮಾಡಿ. 1080ರಲ್ಲಿ ಸುಮಾರು 20.7 ಲಕ್ಷ ಚುಕ್ಕೆ, 720ರಲ್ಲಿ 9.2 ಲಕ್ಷ. ಕಾರ್ಡಿನ ಕೆಲಸ ಅರ್ಧಕ್ಕಿಂತ ಕೆಳಗಿಳಿಯಿತು, ಪ್ರೊಸೆಸರ್‌ನ ಕೆಲಸ ಹೆಚ್ಚುಕಡಿಮೆ ಅಷ್ಟೇ ಇದೆ. 50 ಇದ್ದ ಎಫ್‌ಪಿಎಸ್ 80 ದಾಟಿದರೆ ಹೊಸ ಕಾರ್ಡ್ ಕೂಡ ನಿಮಗೆ ಅದನ್ನೇ ಕೊಡುತ್ತದೆ. 50 ಇದ್ದದ್ದು 53ಕ್ಕೆ ನಿಂತರೆ, ಎಷ್ಟು ದೊಡ್ಡ ಕಾರ್ಡ್ ತಂದರೂ ಆ ಜಾಗದಲ್ಲಿ 53ರ ಆಸುಪಾಸೇ ಸಿಗುವುದು. ಈ ಸಂಖ್ಯೆ, ಆ ಜಾಗ ಎರಡನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ಬೇಕಾಗುತ್ತದೆ.

ಸರಾಸರಿ 70 ಇದ್ದೂ ಆಟ ಜರ್ಕ್ ಹೊಡೆಯುತ್ತಿದ್ದರೆ ಫ್ರೇಮ್‌ಟೈಮ್ ಗ್ರಾಫ್ ನೋಡಿ. ಗೆರೆ ಸಮನಾಗಿ ಹೋಗುತ್ತಾ ನಡುನಡುವೆ ಗರಗಸದ ಹಲ್ಲಿನಂತೆ ಎದ್ದರೆ ಕಾರ್ಡಿನ ಮೆಮೊರಿಯತ್ತ ಕಣ್ಣು ಹಾಯಿಸಿ. 4 ಜಿಬಿ ಕಾರ್ಡಿನಲ್ಲಿ 3.9 ತೋರಿಸುತ್ತಿದೆಯೇ? ಟೆಕ್ಸ್ಚರ್ (ವಸ್ತುಗಳ ಮೇಲಿನ ಚಿತ್ರಗಳ ಗುಣಮಟ್ಟ) ಒಂದು ಮೆಟ್ಟಿಲು ಇಳಿಸಿ. ಹಲ್ಲುಗಳು ಮಾಯವಾದರೆ ಮೆಮೊರಿ ಸಾಲದೇ ಸಾಮಾನು ರ‍್ಯಾಮಿಗೂ ಕಾರ್ಡಿಗೂ ಓಡಾಡುತ್ತಿತ್ತು ಎಂದರ್ಥ. ಈ ಕಾಯಿಲೆಗೆ ಪ್ರೊಸೆಸರ್ ಮದ್ದಲ್ಲ. ಕಾರ್ಡಿನ ಮೆಮೊರಿ ಖಾಲಿಯಿದ್ದು ರ‍್ಯಾಮ್ ತುಂಬಿದ್ದರೆ ಅದು ಬೇರೆ ಮಾತು, ಮುಂದೆ ನೋಡೋಣ.

ಯಾವ ಆಟ ಆಡುತ್ತೀರಿ ಎಂಬುದೂ ಉತ್ತರ ತಿರುಗಿಸುತ್ತದೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಪ್ರೊಸೆಸರ್ ಕೇಳುತ್ತವೆ, ಕಡಿಮೆ ಸೆಟ್ಟಿಂಗ್ಸ್‌ನಲ್ಲಿ ಆಡುವವರಿಗಂತೂ ಕಾರ್ಡ್ ನೆಪಮಾತ್ರ. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಶನ್ 2 ಹೈ ಅಥವಾ ಅಲ್ಟ್ರಾದಲ್ಲಿ ಕಾರ್ಡನ್ನು ಹಿಂಡುತ್ತವೆ. ಆದರೆ ಸೈಬರ್‌ಪಂಕಿನಲ್ಲೂ ಜನಸಂದಣಿಯ ಸೆಟ್ಟಿಂಗ್ ಏರಿಸಿದರೆ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಬಿಡಿಸುವುದು) ಹಾಕಿದರೆ ಪ್ರೊಸೆಸರ್ ಮೇಲೂ ಭಾರ ಬೀಳುತ್ತದೆ. ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್, ಡೂಮ್: ದ ಡಾರ್ಕ್ ಏಜಸ್ ಈ ಎರಡಕ್ಕೂ ರೇ ಟ್ರೇಸಿಂಗ್ ಬಲ್ಲ ಕಾರ್ಡ್ ಬೇಕೇ ಬೇಕು. ಇಂಥ ಆಟ ಆಡಲೇಬೇಕೆಂದರೆ ಜಿಟಿಎಕ್ಸ್ 1650, 1660 ಇಟ್ಟುಕೊಂಡವರು ಅಳೆಯುವ ಅಗತ್ಯವೂ ಇಲ್ಲ, ಕಾರ್ಡೇ ಬದಲಾಗಬೇಕು.

ಎರಡನ್ನೂ ಬಿಟ್ಟು ಮೊದಲು ನೋಡಬೇಕಾದ್ದು

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ. ಬಲಕ್ಕೆ ಎಷ್ಟು ಸ್ಲಾಟ್ ತುಂಬಿದೆ, ಎಷ್ಟು ವೇಗದಲ್ಲಿ ಓಡುತ್ತಿದೆ ಎಂದು ಬರೆದಿರುತ್ತದೆ. ಒಂದೇ ಸ್ಟಿಕ್ ಇದ್ದರೆ ಪ್ರೊಸೆಸರ್‌ಗೆ ಸಿಗಬೇಕಾದ ದಾರಿಯ ಅರ್ಧ ಮಾತ್ರ ತೆರೆದಿದೆ. ಒಂದು 8 ಜಿಬಿ ಇದ್ದರೆ ಅದೇ ವೇಗದ ಇನ್ನೊಂದು 8 ಜಿಬಿ ಸೇರಿಸಿ, ಆಟದಲ್ಲಿ ರ‍್ಯಾಮ್ ತುಂಬುತ್ತಿದ್ದರೂ ಮದ್ದು ಇದೇ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ ಹಾಕಬೇಕು. ಪಕ್ಕಪಕ್ಕ 1, 2ಕ್ಕೆ ಹಾಕಿದರೆ ಬಹುತೇಕ ಬೋರ್ಡ್‌ಗಳಲ್ಲಿ ಎರಡು ಸ್ಟಿಕ್ ಇದ್ದೂ ಒಂದೇ ಚಾನೆಲ್ ಆಗುತ್ತದೆ. ಸ್ಟಿಕ್ಕಿನ ಮೇಲೆ 3200 ಎಂದಿದ್ದು ಇಲ್ಲಿ 2133 ಅಥವಾ 2400 ತೋರಿಸುತ್ತಿದ್ದರೆ ಬಯಾಸ್‌ಗೆ (ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನು ಬರೆದ ವೇಗದಲ್ಲೇ ಓಡಿಸುವ ಸೆಟ್ಟಿಂಗ್) ಆನ್ ಮಾಡಿ, ರೈಜೆನ್ ಬೋರ್ಡ್‌ಗಳಲ್ಲಿ ಅದಕ್ಕೆ ಡಿಒಸಿಪಿ ಎಂಬ ಹೆಸರೂ ಇರುತ್ತದೆ. ರೈಜೆನ್ ಇರುವವರಿಗೆ ಇದು ಬಿಡಿಗಾಸಿಲ್ಲದೆ ಸಿಗುವ ಅಪ್‌ಗ್ರೇಡ್.

ಶಾಖದ ಮಾತು ನಮ್ಮ ಕಡೆ ಬೇರೆಯೇ. ಏಪ್ರಿಲ್-ಮೇನಲ್ಲಿ ಸರ್ಕಾರಿ ಕಚೇರಿಗಳ ಹೊತ್ತನ್ನೇ ಬೆಳಿಗ್ಗೆಗೆ ಎಳೆಯುವಷ್ಟು ಬಿಸಿಲಿರುವ ಜಿಲ್ಲೆಗಳಿವು. ಕೋಣೆ 28 ಡಿಗ್ರಿ ಇದ್ದಾಗ 70ರಲ್ಲಿ ಓಡುವ ಕಾರ್ಡ್, ಕೋಣೆ 40 ಆದಾಗ ಹೆಚ್ಚುಕಡಿಮೆ 82 ಮುಟ್ಟುತ್ತದೆ. ಬಹಳಷ್ಟು ಎನ್‌ವಿಡಿಯಾ ಕಾರ್ಡ್‌ಗಳು 83ರ ಹತ್ತಿರ ಬಂದಾಗ ತಾವೇ ಕ್ಲಾಕ್ ಇಳಿಸುತ್ತವೆ. ಜನವರಿಯಲ್ಲಿ ಚೆನ್ನಾಗಿದ್ದ ಆಟ ಯುಗಾದಿ ದಾಟಿದ ಮೇಲೆ ಸೋತರೆ ಭಾಗ ಹಳೆಯದಾಯಿತೆಂದಲ್ಲ, ಗಾಳಿ ಸಾಲುತ್ತಿಲ್ಲ. ಅಳತೆಯನ್ನು ಮಧ್ಯಾಹ್ನ ಎರಡು-ಮೂರು ಗಂಟೆಗೇ ಮಾಡಿ, ಕೋರ್ ಕ್ಲಾಕ್ ಮೇಲೆ ಕಣ್ಣಿಡಿ. ಆಟ ಶುರುವಾದಾಗ 1800 ಮೆಗಾಹರ್ಟ್ಸ್ ಇದ್ದ ಕ್ಲಾಕ್ ಹತ್ತು ನಿಮಿಷಕ್ಕೆ 1500ಕ್ಕೆ ಇಳಿದರೆ ಮೊದಲು ಕ್ಯಾಬಿನೆಟ್ ಬಿಚ್ಚಿ.

ಬಿಚ್ಚಿದಾಗ ಕಾಣುವುದು ಊರಿಂದ ಊರಿಗೆ ಬೇರೆ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು ಹಿಟ್ಟಿನಂತೆ ಎಲ್ಲದರ ಮೇಲೂ ಕೂತಿರುತ್ತದೆ. ಗಂಗಾವತಿ, ಸಿಂಧನೂರಿನಲ್ಲಿ ರೈಸ್ ಮಿಲ್ಲಿನ ಹತ್ತಿರ ಮನೆಯಿದ್ದರೆ ಹೊಟ್ಟಿನ ಪುಡಿ. ರಾಯಚೂರಿನ ಹತ್ತಿ ಮಿಲ್ಲುಗಳ ಸುತ್ತ ಅರಳೆಯ ನಾರು, ಇದು ಎಲ್ಲಕ್ಕಿಂತ ಕೆಟ್ಟದ್ದು. ಫ್ಯಾನ್ ರೆಕ್ಕೆಗಳ ಸಂದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ: ಹೊರಗೆ ಫ್ಯಾನ್ ಚೊಕ್ಕಟವಾಗಿ ಕಂಡರೂ ಅದರ ಕೆಳಗೆ, ಅಲ್ಯೂಮಿನಿಯಂ ಪಟ್ಟಿಗಳ ತಲೆಯ ಮೇಲೆ, ಕಂಬಳಿ ತುಂಡಿನಂತೆ ಬೂದು ಪದರ ಹಾಸಿಕೊಂಡಿರುತ್ತದೆ. ಫ್ಯಾನ್ ತಿರುಗುತ್ತದೆ, ಗಾಳಿ ಆ ಪದರಕ್ಕೆ ಬಡಿದು ವಾಪಸ್ ಬರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹೋಗುತ್ತದೆ. ಗಾಳಿಗೆ ಏಳದ ಪದರವನ್ನು ಒಣ ಪೇಂಟ್ ಬ್ರಷ್ಷಿನಿಂದ ಎತ್ತಿ. ನೀರಿನ ಕೂಲರನ್ನು ಕ್ಯಾಬಿನೆಟ್ಟಿಗೆ ನೇರ ತಿರುಗಿಸಿ ಇಡಬೇಡಿ. ಅದರ ಗಾಳಿಯಲ್ಲಿ ಹನಿ ಇರುತ್ತದೆ, ಆ ತೇವಕ್ಕೆ ಧೂಳು ಕೆಸರಾಗಿ ಅಂಟಿಕೊಳ್ಳುತ್ತದೆ.

ಶಾಖ ಇನ್ನೂ ಇಳಿಯದಿದ್ದರೆ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಶೇ. 85ಕ್ಕೆ ಇಳಿಸಿ. ಕಳೆದುಕೊಳ್ಳುವ ಎಫ್‌ಪಿಎಸ್ ಸಾಮಾನ್ಯವಾಗಿ ಕಡಿಮೆ, ಇಳಿಯುವ ಶಾಖ ಕೈಗೆ ತಿಳಿಯುತ್ತದೆ.

ಎಸ್‌ಎಂಪಿಎಸ್: ಇಲ್ಲಿ ಉಳಿಸಿದ ದುಡ್ಡು ಕಾರ್ಡಿನಲ್ಲಿ ಹೋಗುತ್ತದೆ

ಕಾರ್ಡ್ ಬದಲಿಸುವ ಯೋಚನೆ ಇದ್ದರೆ ಕ್ಯಾಬಿನೆಟ್ಟಿನ ಪಕ್ಕ ತೆಗೆದು ಎಸ್‌ಎಂಪಿಎಸ್‌ನ (ಪಿಸಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಚೀಟಿ ಓದಿ. ದೊಡ್ಡಕ್ಷರದಲ್ಲಿ ‘450’ ಎಂದಿರುತ್ತದೆ, ಅದನ್ನು ಬಿಡಿ. ಕೆಳಗೊಂದು ಸಣ್ಣ ಕೋಷ್ಟಕ ಇರುತ್ತದೆ: +3.3, +5, +12 ವೋಲ್ಟ್, ಅವುಗಳ ಕೆಳಗೆ ಆಂಪಿಯರ್. ನಿಮಗೆ ಬೇಕಾದ್ದು +12ರ ಕೆಳಗಿನ ಅಂಕಿ. ಅಲ್ಲಿ 36 ಆಂಪಿಯರ್ ಇದ್ದರೆ 12ರಿಂದ ಗುಣಿಸಿ, 432 ವ್ಯಾಟ್, ಹೆಸರಿಗೆ ತಕ್ಕ ಮಾಲು. ಅಲ್ಲಿ 16 ಎಂದಿದ್ದರೆ 192 ವ್ಯಾಟ್ ಅಷ್ಟೇ. ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಉಣ್ಣುವುದು ಈ 12 ವೋಲ್ಟ್ ಸಾಲಿನಿಂದಲೇ. ಕ್ಯಾಬಿನೆಟ್ ಜೊತೆ ‘ಫ್ರೀ’ ಬಂದ ಎಸ್‌ಎಂಪಿಎಸ್‌ಗಳ ಚೀಟಿಯನ್ನು ತಪ್ಪದೆ ಓದಿ.

ಲೆಕ್ಕ ಹೀಗೆ. ಆರ್‌ಎಕ್ಸ್ 6600ಕ್ಕೆ 132 ವ್ಯಾಟ್, ಐ5-12400ಎಫ್ ಪೂರ್ತಿ ಬಲ ಹಾಕಿದರೆ 117, ಬೋರ್ಡ್, ಫ್ಯಾನ್, ಡಿಸ್ಕ್‌ಗೆ 50. ಒಟ್ಟು 300ರ ಹತ್ತಿರ. ಒಳ್ಳೆಯ 450 ವ್ಯಾಟ್ ಬ್ರಾಂಜ್ ದರ್ಜೆಯದು (ಕರೆಂಟ್ ಪೋಲು ಮಾಡದಿರುವುದಕ್ಕೆ ಕೊಡುವ ದರ್ಜೆ) ಸಾಕು, 550 ಇದ್ದರೆ ಬೇಸಿಗೆಯಲ್ಲಿ ನೆಮ್ಮದಿ. ಆರ್‌ಟಿಎಕ್ಸ್ 4060ಕ್ಕೆ 115, ಆರ್‌ಟಿಎಕ್ಸ್ 3060ಕ್ಕೆ 170, ಆರ್ಕ್ ಬಿ580ಗೆ 190. ಕಾರ್ಡುಗಳು ಕ್ಷಣಮಾತ್ರಕ್ಕೆ ಇದಕ್ಕಿಂತ ಹೆಚ್ಚು ಎಳೆಯುವುದರಿಂದ ಲೆಕ್ಕಕ್ಕೆ ಸರಿಯಾಗಿ ಕೊಂಡರೆ ಸಾಲದು, ಮೂರನೇ ಒಂದು ಪಾಲು ಮೇಲೆ ಬಿಡಿ.

ಸ್ಲಾಟ್ ಕೊಡುವುದು 75 ವ್ಯಾಟ್, 6 ಪಿನ್ ತಂತಿ 75, 8 ಪಿನ್ ತಂತಿ 150. ಎಸ್‌ಎಂಪಿಎಸ್‌ನಲ್ಲಿ 8 ಪಿನ್ ತಂತಿಯೇ ಇಲ್ಲ ಎಂದರೆ ಅದನ್ನು ಆ ಕೆಲಸಕ್ಕೆ ಮಾಡಿಲ್ಲ ಎಂದೇ ತಿಳಿಯಿರಿ. ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್ ತಂತಿಯಿಂದ 8 ಪಿನ್ ಮಾಡುವ ಕನ್ವರ್ಟರ್ ಅಗ್ಗಕ್ಕೆ ಸಿಗುತ್ತದೆ, ಹಾಕಬೇಡಿ. ತೆಳು ತಂತಿ ಕಾದು, ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಮೊದಲು ಹಳದಿಗೆ, ಆಮೇಲೆ ಕಂದಿಗೆ ತಿರುಗುತ್ತದೆ. ಪ್ರೊಸೆಸರ್‌ನ 8 ಪಿನ್ ತಂತಿ ನೋಡಲು ಅದೇ ಥರ ಇದ್ದರೂ ವೋಲ್ಟೇಜ್ ಮತ್ತು ಅರ್ತ್ ಉಲ್ಟಾ ಇರುತ್ತದೆ. ಬಲವಂತವಾಗಿ ಕಾರ್ಡಿಗೆ ತುರುಕಿದರೆ ಶಾರ್ಟ್ ಆಗುತ್ತದೆ.

ಡೆಸ್ಕ್‌ಟಾಪ್‌ನಲ್ಲಿ ಗಂಟೆಗಟ್ಟಲೆ ಚೆನ್ನಾಗಿದ್ದು, ಆಟ ಲೋಡ್ ಆದ ಕೂಡಲೇ ಪಿಸಿ ದೀಪ ಆರಿದಂತೆ ಆಫ್ ಆಗಿ ರೀಸ್ಟಾರ್ಟ್ ಆದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲಿರಲಿ, ಕಾರ್ಡ್ ಮೇಲೆ ಅಲ್ಲ.

ಜೆಸ್ಕಾಂ ಕರೆಂಟ್ ಸಂಜೆ ಹೊತ್ತು ಇಳಿಯುವ ಬಡಾವಣೆಗಳಲ್ಲಿ ಇನ್ನೊಂದು ಸಾಲು ಓದಿ: ಇನ್‌ಪುಟ್ 100–240 ಎಂದಿದೆಯೋ, 200–240 ಎಂದಿದೆಯೋ. ಎರಡನೆಯದು 170-180 ವೋಲ್ಟಿಗೆ ಇಳಿದಾಗ ಕೈ ಬಿಡುತ್ತದೆ. ಮನೆಯ 600 ವಿಎ ಯುಪಿಎಸ್‌ಗಳಲ್ಲಿ ಬಹಳಷ್ಟು ಕೊಡುವುದು 360 ವ್ಯಾಟ್. ಹೊಸ ಕಾರ್ಡ್, ಮಾನಿಟರ್, ಸ್ಪೀಕರ್ ಸೇರಿ ಅದನ್ನು ದಾಟಿದರೆ ಕರೆಂಟ್ ಹೋದ ಕ್ಷಣವೇ ಕಿರುಚಿ ಆಫ್ ಆಗುತ್ತದೆ. 1 ಕೆವಿಎ, 600 ವ್ಯಾಟ್ ಇರುವುದನ್ನು ನೋಡಿ. ಇನ್ವರ್ಟರ್ ಮೇಲೆ ಓಡಿಸುವವರು ಹಿಂದಿನ ಸ್ವಿಚ್ಚನ್ನು ಯುಪಿಎಸ್ ಕಡೆ ಇಡಿ, ಆಗ ಬದಲಾವಣೆ ಬೇಗ ಆಗಿ ಪಿಸಿ ಬಂದ್ ಆಗದೆ ಉಳಿಯುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿದ್ದರೆ ಅರ್ತಿಂಗ್ ಇಲ್ಲ. ಎಲೆಕ್ಟ್ರಿಷಿಯನ್ ಕರೆದು ಅದನ್ನು ಸರಿ ಮಾಡಿಸುವವರೆಗೆ ಹೊಸ ಕಾರ್ಡ್ ಹಾಕಬೇಡಿ.

ಉತ್ತರ ಕಾರ್ಡ್ ಎಂದಾದರೆ

ಐ5-10400ಎಫ್ ಜೊತೆ ಜಿಟಿಎಕ್ಸ್ 1650, ರೈಜೆನ್ 5 3600 ಜೊತೆ ಜಿಟಿಎಕ್ಸ್ 1050 ಟಿಐ: ಇಂಥ ಜೋಡಿಗಳಲ್ಲಿ ಹೊಸ ಆಟಗಳಿಗೆ ಅಳತೆ ಕಾರ್ಡ್ ಕಡೆಗೇ ಬೆರಳು ತೋರಿಸುತ್ತದೆ. 1080ರಲ್ಲಿ ಆಡುವವರು ಈಗ 8 ಜಿಬಿಗಿಂತ ಕಡಿಮೆ ಮೆಮೊರಿಯದನ್ನು ಕೊಳ್ಳಬಾರದು. ಬಜೆಟ್ ಒಪ್ಪಿದರೆ 12 ಅಥವಾ 16 ಇರುವುದೇ ಹೆಚ್ಚು ವರ್ಷ ಬಾಳುತ್ತದೆ.

ಹಳೆಯ ಬೋರ್ಡ್ ಇರುವವರು ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವೆ ಮಾಹಿತಿ ಓಡುವ ಹಾದಿ) ಲೆಕ್ಕ ನೋಡಲೇಬೇಕು, ಅಂಗಡಿಯಲ್ಲಿ ಇದನ್ನು ಹೇಳುವವರು ಕಡಿಮೆ. ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ಪಿಸಿಐಇ (ಕಾರ್ಡ್ ಕೂರುವ ಸ್ಲಾಟಿನ ಬಗೆ) 4.0ರ 4 ಲೇನ್ ಮಾತ್ರ, ಮೆಮೊರಿಯೂ ಸಾಮಾನ್ಯವಾಗಿ 4 ಜಿಬಿ. 3.0 ಬೋರ್ಡಿನಲ್ಲಿ ದಾರಿ ಅರ್ಧವಾಗಿ, ಮೆಮೊರಿ ತುಂಬಿದಾಗ ಆಟ ಒದ್ದಾಡುತ್ತದೆ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 8 ಲೇನಿನವು, 3.0ರಲ್ಲಿ ಸ್ವಲ್ಪ ಮಾತ್ರ ಕಳೆದುಕೊಳ್ಳುತ್ತವೆ. ಇಂಟೆಲ್ 4ನೇ ತಲೆಮಾರಿನ ಎಚ್81 ಬೋರ್ಡಿನಲ್ಲಿ ಕಾರ್ಡಿನ ಸ್ಲಾಟ್ 2.0 ಅಷ್ಟೇ, ಅಲ್ಲಿ 8 ಲೇನಿನ ಕಾರ್ಡೂ ಸೊರಗುತ್ತದೆ. ಆರ್ಕ್ ಬಿ580 ಬೆಲೆಗೆ ಒಳ್ಳೆಯದೇ, ಆದರೆ ಬಯಾಸ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್‌ಗೆ ಒಟ್ಟಿಗೆ ತೆರೆಯುವ ಸೆಟ್ಟಿಂಗ್) ಇಲ್ಲದ ಬೋರ್ಡಿಗೆ ಅದನ್ನು ಹಾಕಬೇಡಿ. ಹಳೆಯ, ನಿಧಾನದ ಪ್ರೊಸೆಸರ್ ಜೊತೆ ಅದರ ಡ್ರೈವರ್ ಇನ್ನಷ್ಟು ಭಾರವಾಗುತ್ತದೆ.

ಆಫೀಸುಗಳಿಂದ ಹೊರಬಿದ್ದ ಬ್ರಾಂಡೆಡ್ ಪಿಸಿ ಕೊಂಡವರು ಮೊದಲು ಕ್ಯಾಬಿನೆಟ್ ನೋಡಿ. ಎಸ್‌ಎಂಪಿಎಸ್ ಬೇರೆ ಆಕಾರದ್ದಾಗಿದ್ದು ಬದಲಿಸಲು ಆಗದಿದ್ದರೆ ಹೊರಗಿನ ಪವರ್ ತಂತಿ ಬೇಡದ ಕಾರ್ಡ್ ಬೇಕು: 70 ವ್ಯಾಟಿನ ಆರ್‌ಟಿಎಕ್ಸ್ 3050 6 ಜಿಬಿ ಅಂಥದ್ದು. ತೆಳು ಕ್ಯಾಬಿನೆಟ್ಟಾದರೆ ಅರ್ಧ ಎತ್ತರದ ಮಾದರಿಯನ್ನೇ ಕೇಳಿ. ಮಾಮೂಲಿ ಕ್ಯಾಬಿನೆಟ್ಟಿನಲ್ಲೂ ಹಿಂದಿನ ಪಟ್ಟಿಯಿಂದ ಮುಂದಿನ ಹಾರ್ಡ್ ಡಿಸ್ಕ್ ಗೂಡಿನವರೆಗೆ ಟೇಪ್ ಹಿಡಿದು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯಲ್ಲೇ ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ತಂತ್ರಾಂಶ) ತೆರೆಸಿ. ಆರ್‌ಎಕ್ಸ್ 580 ಎಂದು ಕೊಡುವುದರಲ್ಲಿ ಎರಡು ಥರ ಇದೆ, ಶೇಡರ್ ಎಂಬ ಕಡೆ ಕಾರ್ಡಿನೊಳಗಿನ ಲೆಕ್ಕದ ಘಟಕ 2304 ಇದ್ದರೆ ಅಸಲಿ ಬಲದ್ದು, 2048 ಇದ್ದರೆ ಕಡಿಮೆ ಬಲದ್ದು. ಹೆಸರು ಬದಲಿಸಿ ಬಿಟ್ಟ ನಕಲಿ ಕಾರ್ಡನ್ನೂ ಅದು ಬಹುತೇಕ ಹಿಡಿಯುತ್ತದೆ. ಫರ್‌ಮಾರ್ಕ್ (ಕಾರ್ಡಿಗೆ ಪೂರ್ತಿ ಭಾರ ಹಾಕುವ ಪರೀಕ್ಷೆ) ಹದಿನೈದು ನಿಮಿಷ ಓಡಿಸಿ, ಪರದೆಯಲ್ಲಿ ಚುಕ್ಕೆ-ಗೆರೆ ಬರುತ್ತವೆಯೇ, ಎರಡೂ ಫ್ಯಾನ್ ತಿರುಗುತ್ತವೆಯೇ ನೋಡಿ. ಜಿಎಸ್‌ಟಿ ಬಿಲ್ಲು ಇಲ್ಲದ ಕಾರ್ಡಿಗೆ ವಾರಂಟಿ ಇದೆ ಎಂಬ ಬಾಯಿಮಾತಿಗೆ ಬೆಲೆ ಕಟ್ಟಬೇಡಿ.

ಹಾಕುವಾಗ: ಹಳೆಯ ಡ್ರೈವರನ್ನು ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ತಂತ್ರಾಂಶ ಬಳಸಿ ತೆಗೆಯಿರಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ. ಕಾರ್ಡ್ ‘ಟಕ್’ ಎಂದು ಕೂತು ಸ್ಲಾಟಿನ ಚಿಲಕ ಮೇಲೇಳಬೇಕು. ಮಾನಿಟರ್ ತಂತಿಯನ್ನು ಕಾರ್ಡಿಗೇ ಹಾಕಿ. ಮದರ್‌ಬೋರ್ಡಿನ ಕಿಂಡಿಗೆ ಹಾಕಿದರೆ ಬಹಳ ಸಲ ಹೊಸ ಕಾರ್ಡ್ ಬಳಕೆಗೇ ಬರುವುದಿಲ್ಲ, ಎಷ್ಟೋ ‘ಕಾರ್ಡ್ ಕೆಟ್ಟಿದೆ’ ದೂರುಗಳ ಮೂಲ ಇದೇ.

ಉತ್ತರ ಪ್ರೊಸೆಸರ್ ಎಂದಾದರೆ

ಮೊದಲು ಬೋರ್ಡಿನ ಹೆಸರು ನೋಡಿ, ಸಿಪಿಯು-ಝಡ್ ತೆರೆದರೆ ಗೊತ್ತಾಗುತ್ತದೆ. ಎಎಂ4 (ಹಿಂದಿನ ರೈಜೆನ್‌ಗಳು ಕೂರುವ ಸಾಕೆಟ್) ಬೋರ್ಡಿನವರಿಗೆ ದಾರಿ ಸಲೀಸು. ರೈಜೆನ್ 3 1200, ರೈಜೆನ್ 5 2600 ಕೂತಿದ್ದ ಅದೇ ಜಾಗಕ್ಕೆ ರೈಜೆನ್ 5 5600 ಕೂರುತ್ತದೆ: ಅದೇ ರ‍್ಯಾಮ್, ಅದೇ ಬೋರ್ಡ್, 65 ವ್ಯಾಟ್. 2600 ಜೊತೆ ಆರ್‌ಟಿಎಕ್ಸ್ 3060 ಇಟ್ಟುಕೊಂಡು 144 ಹರ್ಟ್ಸ್‌ನಲ್ಲಿ ಶೂಟಿಂಗ್ ಆಟ ಆಡುವವರಿಗೆ ಇದಕ್ಕಿಂತ ತಕ್ಕ ಖರ್ಚು ಇಲ್ಲ. 5500 ಮತ್ತು 5600ಜಿ ಹೆಸರಲ್ಲಿ ಹತ್ತಿರ ಇದ್ದರೂ ಅವುಗಳ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಪುಟ್ಟ ಮೆಮೊರಿ) 16 ಎಂಬಿ, 5600ದು 32. ಆಟಕ್ಕೆ ಈ ಕ್ಯಾಶ್ ಬೇಕು. 96 ಎಂಬಿ ಇರುವ 5700ಎಕ್ಸ್3ಡಿ ವಾರಂಟಿ ಸಮೇತ ಸಿಕ್ಕರೆ ಈ ಬೋರ್ಡಿಗೆ ಅದರ ಮೇಲೆ ಹೆಚ್ಚೇನೂ ಬೇಕಿಲ್ಲ. ಆದರೆ ಅಗ್ಗದ ಎ320 ಬೋರ್ಡಿನ ಮೇಲೆ 8 ಕೋರಿನ, 105 ವ್ಯಾಟಿನ ಪ್ರೊಸೆಸರ್ ಹೇರಬೇಡಿ, ಬೇಸಿಗೆಯಲ್ಲಿ ಪ್ರೊಸೆಸರ್‌ಗೆ ಕರೆಂಟ್ ಹಂಚುವ ಭಾಗ ಕಾದು ವೇಗ ಇಳಿಯುತ್ತದೆ.

ಇಂಟೆಲ್‌ನವರು ಜಾಗ್ರತೆ. 6-7ನೇ ತಲೆಮಾರಿನ ಬೋರ್ಡಿಗೆ 8-9ನೆಯದು ಕೂರುವಂತೆ ಕಂಡರೂ ಓಡುವುದಿಲ್ಲ. 10-11 ಬೇರೆ ಸಾಕೆಟ್. 12, 13, 14 ಒಂದೇ ಸಾಕೆಟ್, ಹಾಗಾಗಿ ಎಚ್610 ಬೋರ್ಡಿನಲ್ಲಿ ಐ3-12100ಎಫ್ ಇದ್ದರೆ ಐ5-12400ಎಫ್ ಸುಲಭದ ಏರಿಕೆ. 13, 14ನೇ ತಲೆಮಾರಿನ ದೊಡ್ಡ ಐ7, ಐ9ಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ. ಹೆಚ್ಚಿನ ವೋಲ್ಟೇಜಿನಿಂದ ಅವು ಒಳಗೇ ಸವೆಯುವ ದೋಷವಿತ್ತು. ಇಂಟೆಲ್ 2024ರಲ್ಲಿ ಬಯಾಸ್ ಮೂಲಕ ತಡೆ ಕೊಟ್ಟಿತು, ಆದರೆ ಆಗಲೇ ಸವೆದದ್ದು ಸರಿಹೋಗುವುದಿಲ್ಲ.

4ನೇ ತಲೆಮಾರಿನ ಐ5, ಐ7 ಇರುವವರಿಗೆ ಆ ಬೋರ್ಡಿನಲ್ಲಿ ಮುಂದಿನ ಮೆಟ್ಟಿಲು ಇಲ್ಲ. ಪ್ರೊಸೆಸರ್ ಎಂದರೆ ಬೋರ್ಡ್ ಮತ್ತು ರ‍್ಯಾಮ್ ಸೇರಿ ಮೂರೂ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ವಿಂಡೋಸ್ 11ರಲ್ಲಿ ವ್ಯಾಲರಂಟ್‌ಗೆ ಟಿಪಿಎಂ 2.0 (ಭದ್ರತೆಯ ಚಿಪ್) ಮತ್ತು ಸೆಕ್ಯೂರ್ ಬೂಟ್ (ಪರಿಶೀಲಿಸಿದ ತಂತ್ರಾಂಶದಿಂದಷ್ಟೇ ಪಿಸಿ ಶುರುವಾಗುವ ಸೆಟ್ಟಿಂಗ್) ಎರಡೂ ಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಿಗಿದಿರುವುದರಿಂದ ಡಿಡಿಆರ್5 ರ‍್ಯಾಮ್ ಮಾತ್ರ ಒಪ್ಪುವ ರೈಜೆನ್‌ನ ಹೊಸ ಸಾಕೆಟ್ ಎಎಂ5ಗೆ ಹಾರುವ ಮುಂಚೆ ಡಿಡಿಆರ್4 ಒಪ್ಪುವ 12400ಎಫ್ ಜೋಡಿಯ ಲೆಕ್ಕವನ್ನೂ ಹಾಕಿ. ಮೂರೂ ಒಟ್ಟಿಗೆ ಕೊಳ್ಳಲು ಆಗದಿದ್ದರೆ ಕಾರ್ಡ್ ಮತ್ತು ಎಸ್‌ಎಂಪಿಎಸ್ ಮೊದಲು ತಗೊಳ್ಳುವುದು ತಪ್ಪಲ್ಲ. ಈಗ ಪೂರ್ತಿ ಫಲ ಸಿಗದಿದ್ದರೂ ಎರಡೂ ಹೊಸ ಬೋರ್ಡಿಗೆ ಹಾಗೇ ಹೋಗುತ್ತವೆ.

ಎಎಂ4ರಲ್ಲಿ ಬಯಾಸ್ ಅಪ್‌ಡೇಟ್ ಮಾಡಬೇಕಾದ್ದು ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗ. ಮೊದಲೇ ತೆಗೆದುಬಿಟ್ಟರೆ ಹೊಸದರಲ್ಲಿ ಪರದೆಯೇ ಬರುವುದಿಲ್ಲ. ಬೋರ್ಡ್ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾದರಿಯ, ರಿವಿಷನ್ ಸಂಖ್ಯೆ ಸಮೇತ, ಪ್ರೊಸೆಸರ್ ಪಟ್ಟಿ ನೋಡಿ ಯಾವ ಬಯಾಸ್‌ನಿಂದ 5600 ಒಪ್ಪುತ್ತದೆ ಎಂದು ತಿಳಿದುಕೊಳ್ಳಿ. ಪೆನ್‌ಡ್ರೈವನ್ನು ಫ್ಯಾಟ್32 ಮಾಡಿ ಫೈಲ್ ಹಾಕಿ. ಈ ಕೆಲಸ ಯುಪಿಎಸ್ ಮೇಲೆ, ಕರೆಂಟ್ ಗಟ್ಟಿಯಾಗಿರುವ ಹೊತ್ತಿನಲ್ಲಿ ಮಾತ್ರ ಮಾಡಿ. ಮಳೆ-ಗಾಳಿಯ ಸಂಜೆ ಬೇಡ. ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೆ ಹೋಗಬಹುದು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಪ್ರೊಸೆಸರ್ ಬದಲಾದರೆ ಅದರೊಳಗಿನ ಟಿಪಿಎಂ ಬದಲಾಗಿ ವಿಂಡೋಸ್ ಆ ಕೀ ಕೇಳುತ್ತದೆ.

ಎಎಂ4 ಕೂಲರ್ ತೆಗೆಯುವಾಗ ನೇರ ಮೇಲಕ್ಕೆ ಎಳೆದರೆ ಒಣಗಿದ ಪೇಸ್ಟ್ ಹಿಡಿದುಕೊಂಡು ಪ್ರೊಸೆಸರ್ ಕೂಡ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಮೊದಲು ಹತ್ತು ನಿಮಿಷ ಆಟ ಓಡಿಸಿ ಪೇಸ್ಟ್ ಬೆಚ್ಚಗಾಗಲಿ, ಆಫ್ ಮಾಡಿ, ಕೂಲರನ್ನು ಎಡ-ಬಲ ಮೆಲ್ಲಗೆ ತಿರುವಿ ಸಡಿಲಿಸಿ, ಆಮೇಲೆ ಎತ್ತಿ. ಹೊಸ ಪ್ರೊಸೆಸರ್‌ನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿದರೆ ಅದು ತನ್ನ ಭಾರಕ್ಕೇ ಕೆಳಗಿಳಿಯುತ್ತದೆ, ಬೆರಳಿನಿಂದ ಒತ್ತಬಾರದು. ಇಂಟೆಲ್‌ನಲ್ಲಿ ಪಿನ್ ಇರುವುದು ಸಾಕೆಟ್ಟಿನಲ್ಲಿ, ಅಲ್ಲಿಗೆ ಬೆರಳು, ಬಟ್ಟೆ ಏನೂ ತಾಕಬಾರದು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ನಡುಮಧ್ಯೆ ಒಂದು ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಡಿ. ಸ್ಕ್ರೂಗಳನ್ನು ಅಡ್ಡಮೂಲೆಯಿಂದ ಅಡ್ಡಮೂಲೆಗೆ, ಎರಡೆರಡು ಸುತ್ತಿನಂತೆ ಬಿಗಿಯಿರಿ.

ಹಾಕಿದ ಮೇಲೆ

ಚೀಟಿಯಲ್ಲಿ ಬರೆದಿಟ್ಟ ಅದೇ ಜಾಗಕ್ಕೆ ಹೋಗಿ ಅದೇ ಹಾದಿ ಓಡಿ. ಹೊಸ ಕಾರ್ಡಿನ ಬಳಕೆ ಈಗ 75 ತೋರಿಸಿದರೆ ಗಾಬರಿ ಬೇಡ, ಅದಕ್ಕೆ ಇನ್ನೂ ಬಲ ಉಳಿದಿದೆ. ಟೆಕ್ಸ್ಚರ್, ನೆರಳು, ರೆಸಲ್ಯೂಶನ್ ಏರಿಸುತ್ತಾ ಹೋಗಿ, ಎಫ್‌ಪಿಎಸ್ ಬೀಳಲು ಶುರುವಾಗುವಲ್ಲಿ ನಿಲ್ಲಿಸಿ. ಹಳೆಯ ಭಾಗವನ್ನು ಕೂಡಲೇ ಮಾರಬೇಡಿ. ಒಂದು ಮಟಮಟ ಮಧ್ಯಾಹ್ನ, ಒಂದು ಲೋ ವೋಲ್ಟೇಜ್ ಸಂಜೆ, ಆಟ ನಡೆಯುವಾಗಲೇ ಒಮ್ಮೆ ಕರೆಂಟ್ ಹೋಗಿ ಬಂದದ್ದು, ಈ ಮೂರನ್ನೂ ಹೊಸದು ದಾಟಿದ ಮೇಲೆ ಹಳೆಯದರ ಫೋಟೊ ತೆಗೆದು ಮಾರಾಟಕ್ಕೆ ಇಡಿ.